ಬಲಗಡೆಯ ಖಾಲಿ ಜಾಗ

ಹದಿಮೂರನೆಯ ಬಕೀಟು ಮೇಲೆ ಬಂದ ನಂತರವೂ ಕುಣಿಯೊಳಗೆ ನೀರು ಮೊಣಕಾಲಿನಿಂದ ಕೆಳಗಿಳಿಯಲಿಲ್ಲ. ಒಳಗೆ ನಿಂತು ತುಂಬಿಕೊಡುತ್ತಿದ್ದವನು ಯಾಕೂಬಸಾಬ. ಲಾರಿಗಳ ಹೊಟ್ಟೆಯಡಿ ನಲವತ್ತು ವರ್ಷ ಮಲಗಿ ಎದ್ದ ಮೆಕ್ಯಾನಿಕ್. ಗಡ್ಡ ಮೀಸೆ ಪೂರ್ತಿ ಬೆಳ್ಳಗಾಗಿದ್ದರೂ ಕುಣಿಗೆ ನಾನೇ ಇಳಿಯುತ್ತೇನೆಂದು ಹಟ ಹಿಡಿದು ಇಳಿದಿದ್ದ. ಮೇಲೆ ನಿಂತು ಬಕೀಟು ಇಸಿದುಕೊಂಡು ಚೆಲ್ಲುತ್ತಿದ್ದವನು ಚಂದ್ರಾಮಪ್ಪ, ಹುಣಸಗಿಯಲ್ಲಿ ಟಂಟಂ ಆಟೊ ಓಡಿಸುವವನು.

"ತೆಗದಷ್ಟೂ ಬರಾಕತ್ತದಲ್ಲೋ ಚಂದ್ರಾಮ," ಅಂದ ಯಾಕೂಬಸಾಬ. "ಜಿಂದಗಿ ಪೂರಾ ನೀರ ಬಿಡೂದು, ಬಂದ್ ಮಾಡೂದು ಇದೇ ಮಾಡಿದ ಉಸ್ತಾದ. ಈಗ ನೀರೇ ಅವನ್ನ ಹುಡುಕ್ಕೊಂಡು ಬಂದದ ನೋಡು."

ಕುಣಿ ಅಂಬ್ರಪ್ಪನದು. ಭೀಮರಾಯನಗುಡಿಯ ಕಾಲುವೆಯ ಮೇಲೆ ಗೇಟ್‌ಮನ್ ಆಗಿದ್ದು ನಿವೃತ್ತನಾದವನು. ಹಿಂದಿನ ದಿನ ಸಂಜೆ ಚಹಾ ಕುಡಿದು, ಕಪ್ಪನ್ನು ಕೈಯಿಂದ ನೆಲ ತಡವಿ ಕೆಳಗಿಟ್ಟು, ಗೋಡೆಗೊರಗಿದವನು ಮತ್ತೆ ಏಳಲಿಲ್ಲ. ಎಪ್ಪತ್ತೈದು ವರ್ಷ. ಕೊನೆಯ ಹತ್ತು ವರ್ಷ ಕಣ್ಣು ಪೂರ್ತಿ ಹೋಗಿದ್ದವು. ಕಾಲುವೆ ಕೆಲಸದವರ ಕ್ಯಾಂಪಿನ ಫುಟ್‌ಬಾಲ್ ತಂಡವನ್ನು ಕಟ್ಟಿ ಆಡಿಸಿದವನೆಂದು ಎಲ್ಲರೂ ಅವನನ್ನು ಉಸ್ತಾದ ಎಂದೇ ಕರೆಯುತ್ತಿದ್ದರು.

ನೀರು ಬರುತ್ತಿದ್ದುದು ಎಲ್ಲಿಂದ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಸ್ಮಶಾನದ ಮೇಲ್ಗಡೆಯೇ ಸಣ್ಣ ಕಾಲುವೆ ಹರಿಯುತ್ತದೆ. ಅದರ ಗೋಡೆ ಎರಡು ಕಡೆ ಬಿರುಕು ಬಿಟ್ಟು ವರ್ಷವಾಗಿತ್ತು. ಕಾಲುವೆ ತುಂಬಿ ಹರಿದಾಗಲೆಲ್ಲ ಆ ಬಿರುಕಿನಿಂದ ನೀರು ಒಸರಿ ಕೆಳಗಿನ ನೆಲಕ್ಕೆ ಇಳಿಯುತ್ತಿತ್ತು. ಇನ್ನೂ ಮೇಲ್ಗಡೆ ತೋಡೋಣವೆಂದರೆ ಒಂದು ಮೊಳಕ್ಕೇ ಬಂಡೆ. ಕೆಳಗೆ ತೋಡಿದರೆ ನೀರು.

ಬೇವಿನ ನೆರಳಿನಲ್ಲಿ ಶಾಂತಪ್ಪ ಫೋನು ಕಿವಿಗಿಟ್ಟುಕೊಂಡು ನಿಂತಿದ್ದ. ನೀರಾವರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಈಗಿನ ಗೇಟ್‌ಮನ್ ಯಾರದೋ ಮದುವೆಗೆಂದು ಅಬ್ಬೆತುಮಕೂರಿಗೆ ಹೋಗಿದ್ದ, ಅವನ ಫೋನು ಹತ್ತುತ್ತಿರಲಿಲ್ಲ.

ಚಂದ್ರಾಮಪ್ಪ ಬಕೀಟನ್ನು ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟ. ಬೆಳಗಿನಿಂದ ಅವನ ಬಾಯಿಯ ತುದಿಯಲ್ಲಿ ಒಂದೇ ಮಾತು ಕುಳಿತಿತ್ತು.

"ಯಾಕೂಬಣ್ಣ, ಒಂದು ಕೇಳ್ತೀನಿ, ಖರೇ ಹೇಳು. ಆ ಫೈನಲ್ಲಿನ್ಯಾಗ ಉಸ್ತಾದ ನನ್ನ ಯಾಕ ಹೊರಗ ತಗದ?"

ಯಾಕೂಬಸಾಬ ಕುಣಿಯೊಳಗಿಂದ ತಲೆಯೆತ್ತಿ ನೋಡಿದ. "ಮೂವತ್ತೊಂದು ವರ್ಷ ಆತು. ಇನ್ನೂ ಅದ ಇಟ್ಕೊಂಡಿ ಏನು?"

"ಇಟ್ಕೊಂಡೀನಿ. ಹದಿನೈದು ವರ್ಷ ಆತು, ಅವನ ಮುಖ ನೋಡಿದ್ದಿಲ್ಲ. ಇವತ್ತ ಮಣ್ಣು ಕೊಡಾಕಷ್ಟ ಬಂದೀನಿ ಅಂದ್ರ ಸುಳ್ಳಾಗ್ತದ. ಇಲ್ಲಿ ಎಲ್ಲಾರೂ ಸೇರಿರ್ತೀರಿ, ಒಬ್ಬಗರೆ ಗೊತ್ತಿದ್ದೀತು ಅಂತ ಬಂದೀನಿ."

"ನನಗ ಅನಸ್ತದ, ಅವತ್ತ ನಿನಗ ಜ್ವರ ಇತ್ತು."

"ನನಗ ಜ್ವರ ಇದ್ದಿದ್ದಿಲ್ಲ. ಜ್ವರ ಬಂದಿದ್ದು ನಮ್ಮ ಹನ್ನೆರಡನೇ ಆಳಿಗಿ. ಅದಕ್ಕ ಬದಲಿ ಇಳಿಸಾಕ ಒಬ್ಬನೂ ಇಲ್ದ ನೀವು ಹತ್ತ ಮಂದಿ ಆಡಿದ್ರಿ."

ಶಾಂತಪ್ಪ ಫೋನು ಕಿಸೆಗಿಟ್ಟು ಹತ್ತಿರ ಬಂದ. ಅದೇ ತಂಡದಲ್ಲಿ ಆಡಿದ ಅವನಿಗೂ ಆ ಪ್ರಶ್ನೆ ಹೊಸದಾಗಿರಲಿಲ್ಲ. "ನಾ ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ ಚಂದ್ರಾಮ. ನೀನೂ ಅವನೂ ಒಂದೇ ಕೇರಿಯವ್ರು. ನೌಕರಿಗಿ ಆರಿಸಾಕ ಸಾಹೇಬ ಬಂದಿದ್ದ. ತನ್ನವನ್ನೇ ಮುಂದ ಮಾಡ್ದ ಅಂತ ನಾಳಿ ಮಂದಿ ಅಂತಾರ ಅಂತ ಅಂಜಿರಬೇಕು."

"ನಾನೂ ಹಂಗೇ ತಿಳ್ಕೊಂಡಿದ್ದೆ ಭಾಳ ದಿನ. ಆದ್ರ ಮೊದಲರ್ಧ ಆಡಿಸಿದ್ನಲ್ಲರೀ. ಅಂಜುವವ ಮೊದಲೇ ಕುಂದ್ರಿಸ್ತಿದ್ದ."

ಕುಣಿಯ ಗೋಡೆಯಿಂದ ಒಂದು ಹೆಂಟೆ ಕಳಚಿ ನೀರಿಗೆ ಬಿತ್ತು.

*

ಅಂಬ್ರಪ್ಪ ಫುಟ್‌ಬಾಲ್ ಕಲಿತದ್ದು ಒಮ್ಮೆಯೂ ಚೆಂಡು ಒದೆಯದೆ. ಎಳೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಹೈದರಾಬಾದಿಗೆ ದುಡಿಯಲು ಹೋದವನಿಗೆ ಅಲ್ಲಿನ ಒಂದು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವ ಕೆಲಸ ಸಿಕ್ಕಿತ್ತು. ಹದಿನಾಲ್ಕು ವರ್ಷ ಗೆರೆ ಎಳೆದ. ಗೆರೆಯ ಹೊರಗೆ ಸುಣ್ಣದ ಡಬ್ಬಿಯ ಪಕ್ಕ ಕುಳಿತು, ಯಾರು ಎಲ್ಲಿಗೆ ಓಡಿದರು, ತರಬೇತುದಾರ ಯಾವಾಗ ಯಾರನ್ನು ಬೈದ ಎಂಬುದನ್ನೆಲ್ಲ ನೋಡಿದ. ಕಾಲುವೆ ಕೆಲಸ ಶುರುವಾದಾಗ ಊರ ಕಡೆ ಬಂದು ಕ್ಯಾಂಪಿನಲ್ಲಿ ಕೂಲಿಗೆ ಸೇರಿ, ಮುಂದೆ ಗೇಟ್‌ಮನ್ ಆದ. ಸಂಜೆ ಹೊತ್ತು ಕೆಲಸವಿಲ್ಲದೆ ಕೂರುವ ಗಂಡಸರನ್ನು ಕಂಡು ಅವನ ಕೈ ತುರಿಸಿತು.

ಮೊದಲ ಪಂದ್ಯದಲ್ಲಿ ಸುರಪುರದವರಿಂದ ಒಂಬತ್ತು ಗೋಲು ತಿಂದರು. ಹೈದರಾಬಾದಿನವರು ಆಡುತ್ತಿದ್ದಂತೆ ಸಣ್ಣ ಸಣ್ಣ ಪಾಸು ಕೊಟ್ಟು ಆಡಬೇಕೆಂದು ಅಂಬ್ರಪ್ಪ ಹೇಳಿಕೊಟ್ಟಿದ್ದ. ಚೆಂಡು ಒಬ್ಬರಿಂದೊಬ್ಬರಿಗೆ ಹೋಗುವಷ್ಟರಲ್ಲಿ ಎದುರಿನವರು ಬಂದು ಒಯ್ಯುತ್ತಿದ್ದರು. ಮರುದಿನ ತಂಡದವರನ್ನು ಕೂರಿಸಿಕೊಂಡು ಅವನು, "ನಿಮ್ಮದೇನೂ ತಪ್ಪಿಲ್ಲ. ಮತ್ಯಾರದೋ ಅಳತಿಗಿ ಹೊಲಿದ ಅಂಗಿ ನಿಮಗ ತೊಡಿಸೀನಿ. ಒಂದು ವಾರ ಆಟ ಬ್ಯಾಡ," ಅಂದ.

ಆ ವಾರ ಅವನು ಒಬ್ಬೊಬ್ಬರ ಕೆಲಸದ ಜಾಗಕ್ಕೂ ಹೋಗಿ ಸುಮ್ಮನೆ ನಿಂತು ನೋಡಿದ. ವರ್ಕ್‌ಶಾಪಿನಲ್ಲಿ ಯಾಕೂಬಸಾಬ ಪಂಕ್ಚರಾದ ಲಾರಿ ಟಯರನ್ನು ಒಂದೇ ಒದೆತಕ್ಕೆ ಮೂಲೆಗೆ ಕಳಿಸುವುದನ್ನು ಕಂಡ. "ನೀ ಇನ್ನ ಓಡಬ್ಯಾಡ. ನಿನಗ ಓಡಾಕ ಬರಂಗಿಲ್ಲ. ಹಿಂದ ನಿಂತು ಚಂಡು ಬಂದ್ರ ಒದಿ, ಅಷ್ಟ ಸಾಕು."

ಆಫೀಸಿನಲ್ಲಿ ಶಾಂತಪ್ಪನನ್ನು ನೋಡಿದ. ನೀರು ಬಂದಿಲ್ಲವೆಂದು ರೈತರು ಮುಂಬಾಗಿಲಿನಿಂದ ಒಳಬಂದರೆ ಶಾಂತಪ್ಪ ಅದು ಹೇಗೋ ಹಿಂಬಾಗಿಲಿನಲ್ಲಿರುತ್ತಿದ್ದ. ಹಿಂದೆ ಹೋದರೆ ಕ್ಯಾಂಟೀನಿನಲ್ಲಿ. ಮೂರು ದಿನ ಅಲೆದರೂ ಅವನ ಅಂಗಿಯ ಚುಂಗು ಸಿಕ್ಕಿದವರಿರಲಿಲ್ಲ. "ಸಾಹೇಬ್ರ, ನಿಮಗ ಚಂಡಂದ್ರ ಅಂಜಿಕಿ. ಇರ್ಲಿ, ಚಂಡು ಮುಟ್ಟಬ್ಯಾಡ್ರಿ. ಆಫೀಸಿನ್ಯಾಗ ಹ್ಯಾಂಗ ತಪ್ಪಿಸ್ಕೋತೀರಿ ಹಂಗ ಮೈದಾನದಾಗ ಓಡ್ರಿ. ಇಬ್ರು ನಿಮ್ಮ ಬೆನ್ನ ಹತ್ತತಾರ. ಆ ಇಬ್ರ ಜಾಗ ನಮಗ ಸಿಗ್ತದ," ಅಂದ. ಶಾಂತಪ್ಪನಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ, ಆದರೆ ಓಡಿದ.

ಕೊನೆಗೆ ಬಂದದ್ದು ಚಂದ್ರಾಮನ ಬಳಿಗೆ. ಆಗ ಅವನು ಇಪ್ಪತ್ತರ ಹುಡುಗ, ಕಾಲುವೆಯ ಮಗ್ಗುಲಿಗೆ ಪರಸಿ ಕಲ್ಲು ಹೊದಿಸುವ ಗುಂಪಿನಲ್ಲಿದ್ದ. ಸಾಲಾಗಿ ನಿಂತು ಕಲ್ಲು ಸಾಗಿಸುವಾಗ ಮುಂದಿನವನ ಕಡೆ ನೋಡದೆಯೇ ಕೊಡುತ್ತಿದ್ದ.

"ನೀ ನೋಡದ ಕೊಡ್ತಿ, ಅವನ ಕೈ ಅಲ್ಲೇ ಇರ್ತಾವು. ಹ್ಯಾಂಗ?" ಅಂಬ್ರಪ್ಪ ಕೇಳಿದ.

"ಅವನ ಹೆಗಲ ಮೊದಲ ಹೇಳ್ತದ, ಉಸ್ತಾದ. ಹೆಗಲ ಎತ್ತ ತಿರಗ್ತದ ಕೈ ಅತ್ತ ಬರ್ತಾವು."

ಅಂಬ್ರಪ್ಪ ಇನ್ನೂ ಹತ್ತು ಕಲ್ಲು ಸಾಗುವವರೆಗೆ ನೋಡಿದ. "ನೀ ಬಲಗಡಿ ಮುಂದ ಆಡು," ಅಂದ. "ನಿನಗ ಮತ್ತೇನೂ ಹೇಳಿಕೊಡಂಗಿಲ್ಲ."

ಮೂರು ವರ್ಷದಲ್ಲಿ ಕ್ಯಾಂಪಿನ ತಂಡ ಸೋಲುವುದನ್ನು ಮರೆಯಿತು. ಅಭ್ಯಾಸದ ಹೊತ್ತಿಗೆ ಸಂಜೆಯಾದಾಗ ಅಂಬ್ರಪ್ಪ ಆಗಾಗ ಚಂದ್ರಾಮನನ್ನು ಗೆರೆಯ ಬಳಿ ಕರೆದು, ಆ ಕಡೆ ಏನಾಯಿತು ಹೇಳು ಎಂದು ಕೇಳುತ್ತಿದ್ದ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆಂದು ತಿಳಿದು ಚಂದ್ರಾಮ ಉಬ್ಬಿಹೋಗುತ್ತಿದ್ದ.

*

ಮನೆಯ ಮುಂದೆ ಶಾಮಿಯಾನದ ಕೆಳಗೆ ಅಂಬ್ರಪ್ಪನನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ತಲೆಯ ಕಡೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಎರಡಕ್ಕೂ ಒಂದೇ ಅಳತೆಯ ಚೆಂಡುಹೂವಿನ ಹಾರ. ಮಗಳು ಸುಂದ್ರಮ್ಮ ಶಹಾಪುರದಲ್ಲಿ ಮಾಸ್ತರಿಣಿ, ಬಂದವರಿಗೆಲ್ಲ ನೀರು ಕೊಡಿಸುತ್ತ ಓಡಾಡುತ್ತಿದ್ದಳು. ಹೆಂಡತಿ ಲಾಲಮ್ಮ ಗಂಡನ ಕೈಯ ಬಳಿ ಕುಳಿತಿದ್ದಳು. ಅಳುವವರು ಅತ್ತು ಸುಸ್ತಾಗಿದ್ದರು. ಅವಳು ಮಾತ್ರ ಇನ್ನೂ ಅತ್ತಿರಲಿಲ್ಲ.

ಚಂದ್ರಾಮಪ್ಪ ಒದ್ದೆ ಪ್ಯಾಂಟಿನಲ್ಲೇ ಬಂದು ಸುಂದ್ರಮ್ಮನನ್ನು ಪಕ್ಕಕ್ಕೆ ಕರೆದು ಕುಣಿಯ ಸಂಗತಿ ಹೇಳಿದ. ಸಣ್ಣ ಕಾಲುವೆಯ ಗೇಟು ಇಳಿಸಿದರೆ ಒಸರು ನಿಲ್ಲುತ್ತದೆ. ಗೇಟ್‌ಮನ್ ಈಗಷ್ಟೇ ಫೋನಿನಲ್ಲಿ ಸಿಕ್ಕ. ಇಳಿಸಿರಿ, ಆದರೆ ಪೂರ್ತಿ ಬಂದ್ ಮಾಡಬೇಡಿರಿ, ಹಿಂದೆ ನೀರು ಏರಿ ದಂಡೆ ಒಡೆಯುತ್ತದೆ, ಎಷ್ಟು ಇಳಿಸಬೇಕೆಂದು ಲಾಲವ್ವನನ್ನು ಕೇಳಿರಿ ಎಂದು ಹೇಳಿದ್ದ.

"ಅಮ್ಮನ್ನ ಯಾಕ ಕೇಳಬೇಕಂತ?" ಜೊತೆಗೆ ಬಂದಿದ್ದ ಶಾಂತಪ್ಪ ಅಚ್ಚರಿಪಟ್ಟ.

ಲಾಲಮ್ಮನಿಗೆ ಕೇಳಿಸಿತ್ತು. ಅವಳು ನೆಲಕ್ಕೆ ಕೈಯೂರಿ ಎದ್ದಳು. "ಎಷ್ಟಂತ ಬಾಯಿಲೆ ಹೇಳಾಕ ಬರಂಗಿಲ್ಲ. ನಾನ ಬರ್ತೀನಿ."

"ಎಲ್ಲಿಗಿ ಹೊಂಟಿ ಎವ್ವಾ?" ಪಕ್ಕದಲ್ಲಿದ್ದ ನಾದಿನಿ ಮಾನಮ್ಮ ಸೆರಗು ಹಿಡಿದಳು. "ಹೆಣದ ಮುಂದಿಂದ ಹೇಣ್ತಿ ಎದ್ದು ಹೋಗ್ತಾಳೇನು? ಮಂದಿ ಏನಂದಾರು?"

"ಮಂದಿ ಏನರೆ ಅನ್ನಲಿ. ನೀರಾಗ ಇಡಬೇಕೇನು ನಿಮ್ಮಣ್ಣನ್ನ?"

ಸುಂದ್ರಮ್ಮ ಮುಂದೆ ಬಂದು ಅತ್ತೆಯ ಕೈಯಿಂದ ಸೆರಗು ಬಿಡಿಸಿದಳು. "ಹೋಗಿ ಬಾ ಅವ್ವ. ಅಪ್ಪನ ಹತ್ರ ನಾ ಕುಂದ್ರತೀನಿ."

ಟಂಟಂನ ಹಿಂದಿನ ಸೀಟಿನಲ್ಲಿ ಲಾಲಮ್ಮ ಕುಳಿತಳು, ಎದುರಿಗೆ ಶಾಂತಪ್ಪ. ಚಂದ್ರಾಮಪ್ಪ ಕಾಲುವೆ ದಂಡೆಯ ರಸ್ತೆಗೆ ಗಾಡಿ ಹತ್ತಿಸಿದ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಇವಳಿಗೆ ಗೊತ್ತಿರಬಹುದು ಎಂದು ಅವನಿಗೆ ಅನ್ನಿಸಿತು. ಗಂಡ ಸತ್ತ ದಿನ ಕೇಳುವ ಮಾತೇ ಅದು ಎಂದೂ ಅನ್ನಿಸಿ ಸುಮ್ಮನಾದ.

*

ಫೈನಲ್ಲಿನ ಆ ದಿನ ಆಟ ಮೂರು ಗಂಟೆಗೆ ಶುರುವಾಗಬೇಕಿತ್ತು. ಮುಖ್ಯ ಅತಿಥಿಗಳು ಬಂದದ್ದು ಐದಕ್ಕೆ. ಅವರಿಗೆ ಹಾರ ಹಾಕಿ, ಅವರು ಭಾಷಣ ಮಾಡಿ, ಚೆಂಡು ಮುಟ್ಟುವ ಹೊತ್ತಿಗೆ ಚಳಿಗಾಲದ ಸೂರ್ಯ ಗುಡ್ಡದ ನೆತ್ತಿಗೆ ಇಳಿದಿದ್ದ. ಬೆಳಕಿರುವಷ್ಟರಲ್ಲಿ ಮುಗಿಸಲು ಆಟವನ್ನು ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅರ್ಧಕ್ಕೆ ಇಳಿಸಿದರು. ಎದುರಿನ ತಂಡ ರಾಯಚೂರಿನದು, ಬೂಟು ಹಾಕಿಕೊಂಡು ಆಡುವವರು. ಕಲಬುರಗಿಯಿಂದ ಒಬ್ಬ ಸಾಹೇಬ ಬಂದು ಕುರ್ಚಿಯಲ್ಲಿ ಕುಳಿತಿದ್ದ. ಒಂದು ಇಲಾಖೆಯ ತಂಡಕ್ಕೆ ಇಬ್ಬರನ್ನು ಆರಿಸಿ ನೌಕರಿ ಕೊಡಲಿದ್ದಾರೆ ಎಂದು ಕ್ಯಾಂಪಿನ ತುಂಬ ಸುದ್ದಿಯಾಗಿತ್ತು.

ಮೊದಲರ್ಧದಲ್ಲಿ ಒಂದು ಗೋಲು ಬಿಟ್ಟುಕೊಟ್ಟರೂ ಚಂದ್ರಾಮ ಎರಡು ಸಲ ಎದುರಿನ ಬಲೆಯ ಬಾಯಿಗೆ ಹೋಗಿ ಬಂದಿದ್ದ. ಸಾಹೇಬ ಪಕ್ಕದವರನ್ನು ಕೇಳಿ ಅವನ ಹೆಸರು ಬರೆದುಕೊಂಡದ್ದನ್ನು ಹತ್ತಾರು ಜನ ನೋಡಿದರು. ಓಡಿಬಂದು ಅವನ ಕಿವಿಯಲ್ಲೂ ಹೇಳಿದರು.

ನಡುವಿನ ವಿರಾಮದಲ್ಲಿ ಅಂಬ್ರಪ್ಪ ಅವನ ತೋಳು ಹಿಡಿದ.

"ನೀ ಇಳಿಬ್ಯಾಡ. ನನ್ನ ಹತ್ರ ನಿಂದ್ರು."

"ಯಾಕ ಉಸ್ತಾದ? ಬದಲಿ ಇಲ್ಲಲ್ಲ."

"ಹತ್ತ ಮಂದಿ ಆಡ್ತಾರ. ನೀ ನಿಂತು ಏನ ಕಾಣ್ತದ ಅದನ್ನ ಹೇಳು. ಒಂದೂ ಬಿಡಬ್ಯಾಡ."

ತಂಡದವರು ಬಾಯಿ ತೆರೆದು ನಿಂತರು. ಉಸ್ತಾದನ ಮಾತಿಗೆ ಎದುರಾಡಿ ರೂಢಿಯಿಲ್ಲದ ಚಂದ್ರಾಮ ಗೆರೆಯ ಪಕ್ಕ ನಿಂತ. ಕಂಡದ್ದನ್ನು ಹೇಳತೊಡಗಿದ. ಯಾಕೂಬಣ್ಣ ಹಿಂದ ಒಬ್ಬನೇ ಆಗ್ಯಾನ. ಅವರ ಎಡಗಡಿ ಬ್ಯಾಕು ಕುಂಟಾಕತ್ತಾನ. ಶಾಂತಪ್ಪಗ ಇಬ್ರು ಬೆನ್ನ ಹತ್ಯಾರ, ನಡುವ ದಾರಿ ಬಿಟ್ಟದ. ಅವನು ಹೇಳಿ ಮುಗಿಸುವುದರೊಳಗೆ ಅಂಬ್ರಪ್ಪ ಕೂಗುತ್ತಿದ್ದ, ಮೈದಾನದಲ್ಲಿ ಹತ್ತು ಜನ ಅದರಂತೆ ತಿರುಗುತ್ತಿದ್ದರು.

"ಬಲಗಡಿ ಖಾಲಿ ಅದ, ಉಸ್ತಾದ," ಅಂದ ಚಂದ್ರಾಮ. "ಯಾರನ್ನಾದ್ರೂ ಅಲ್ಲಿ ಕಳಸು."

"ಅದು ನಿನ್ನ ಜಾಗ. ಅಲ್ಲಿ ಮತ್ಯಾರನ್ನೂ ನಿಂದ್ರಸಂಗಿಲ್ಲ ನಾ. ಮುಂದ ಹೇಳು."

ಎರಡು ಗೋಲು ಹೊಡೆದು ಗೆದ್ದರು. ಕಪ್ಪನ್ನು ಎತ್ತಿ ಕುಣಿದರು. ಸಾಹೇಬ ಅಷ್ಟರಲ್ಲಿ ಜೀಪು ಹತ್ತಿದ್ದ. ಗೆಲ್ಲಬೇಕಾದ ಆಟದಲ್ಲಿ, ಬದಲಿ ಇಲ್ಲದಾಗಲೂ ಹೊರಗೆ ಹಾಕಿದ್ದಾರೆಂದರೆ ಆ ಹುಡುಗನಲ್ಲಿ ಏನೋ ದೋಷ ಇರಬೇಕು ಎಂದು ಅವನು ಅಂದದ್ದು ಎರಡು ದಿನದ ಮೇಲೆ ಚಂದ್ರಾಮನ ಕಿವಿಗೆ ಬಿತ್ತು. ಆರಿಸಿಕೊಂಡ ಇಬ್ಬರೂ ರಾಯಚೂರಿನವರು.

ಆ ಮೇಲೆ ಚಂದ್ರಾಮ ಚೆಂಡು ಮುಟ್ಟಲಿಲ್ಲ. ಹುಣಸಗಿಗೆ ಹೋಗಿ ಗಾಡಿ ಕಲಿತ, ರೇಣಮ್ಮನನ್ನು ಮದುವೆಯಾದ. ಎಷ್ಟೋ ವರ್ಷದ ಮೇಲೆ ಒಂದು ಸಂಜೆ ಹುಣಸಗಿಯ ಬಸ್ ಸ್ಟ್ಯಾಂಡಿನಲ್ಲಿ ಅಂಬ್ರಪ್ಪ ನಿಂತಿದ್ದುದನ್ನು ಕಂಡು ಟಂಟಂ ನಿಲ್ಲಿಸಿದ. ನಾಲ್ಕು ಮಾರು ದೂರ. ಅಂಬ್ರಪ್ಪ ಅವನ ಮುಖವನ್ನೇ ನೇರವಾಗಿ ನೋಡಿದ, ತುಟಿ ಅಲ್ಲಾಡಲಿಲ್ಲ, ಗುರುತಿನ ಒಂದು ಗೆರೆಯೂ ಮೂಡಲಿಲ್ಲ. ಇಷ್ಟು ಸೊಕ್ಕೇನು ಇವನಿಗೆ ಎಂದುಕೊಂಡು ಚಂದ್ರಾಮಪ್ಪ ಗಾಡಿ ಎತ್ತಿಕೊಂಡು ಹೋಗಿದ್ದ. ರಾತ್ರಿ ಮನೆಗೆ ಹೋದರೆ ರೇಣಮ್ಮ, ನಿಮ್ಮ ಉಸ್ತಾದ ಬಂದು ಕೊನೇ ಬಸ್ಸಿನತನಕ ಕುಂತು ಹೋದ ಅಂದಳು. ಬರಲಿ ಬಿಡು, ಅಂದಿದ್ದ ಚಂದ್ರಾಮಪ್ಪ. ಅಷ್ಟೇ, ಹದಿನೈದು ವರ್ಷ.

*

ಗೇಟಿನ ಚಕ್ರ ಕಟ್ಟೆಯ ಮೇಲಿತ್ತು. ಅಲ್ಲಿಂದ ಹತ್ತು ಮೆಟ್ಟಿಲು ಕೆಳಗೆ, ನೀರಿಗೆ ತಾಗಿದ ಗೋಡೆಯ ಮೇಲೆ ಅಡಿ ಅಂಗುಲದ ಗೆರೆಗಳ ಪಟ್ಟಿ. ನೀರು ಎಷ್ಟಿದೆ ಎಂದು ಅದನ್ನು ನೋಡಿಯೇ ಹೇಳುವುದು. ಲಾಲಮ್ಮ ಚಪ್ಪಲಿ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ ಆ ಮೆಟ್ಟಿಲಿಳಿದು ಪಟ್ಟಿಯ ಪಕ್ಕ ನಿಂತಳು.

"ತಿರುವು," ಅಂದಳು.

ಚಂದ್ರಾಮಪ್ಪ ಚಕ್ರ ತಿರುಗಿಸಿದ. ಗ್ರೀಸು ಒಣಗಿದ ಚಕ್ರ ಕಿರಗುಟ್ಟಿತು.

"ನಾಕು ಫೂಟು!" ಲಾಲಮ್ಮ ಎರಡು ಹೊಲದಾಚೆ ಕೇಳುವ ಹಾಗೆ ಕೂಗಿದಳು. "ಮೂರೂಮುಕ್ಕಾಲು! ಇನ್ನ ನಾಕು ಸುತ್ತು! ಮೂರೂವರಿ! ಸಾವಕಾಶ!"

ಚಂದ್ರಾಮಪ್ಪನಿಗೆ ವಿಚಿತ್ರವೆನ್ನಿಸಿತು. "ಕಾಕಿ, ಅಷ್ಟ ಜೋರಾಗಿ ಯಾಕ ಕೂಗ್ತಿ? ನನಗ ಇಲ್ಲಿಂದ ಗೆರಿ ಚಲೋ ಕಾಣ್ತಾವ."

ಲಾಲಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಹೌದಲ್ಲ. ನಿನಗ ಕಾಣ್ತಾವ," ಅಂದಳು. "ರೂಢಿ ಆಗ್ಯದಪ್ಪ. ಅವಗ ಕಾಣ್ತಿದ್ದಿಲ್ಲ."

"ಈ ಹತ್ತ ವರ್ಷದ ಮಾತು ಹೇಳ್ತಿ."

"ಅಲ್ಲ. ಕೆನಾಲಿಗಿ ನೀರು ಬಂದ ಎರಡನೇ ವರ್ಷದಿಂದ. ಬಿಸಲಿದ್ರ ಎಲ್ಲಾ ಕಾಣ್ತಿತ್ತು. ಹೊತ್ತು ಇಳದ್ರ ಮುಗೀತು, ಕಣ್ಣಿಗಿ ಕಂಬಳಿ ಹೊಚ್ಚಿದಂಗ. ಮುಂಜಮುಂಜಾನೆ, ಸಂಜಿ ಎರಡು ಸಲ ಗೇಜ್ ನೋಡಿ ಬರ್ಸಬೇಕು. ನಾ ಇಲ್ಲಿ ನಿಂತು ಕೂಗ್ತಿದ್ದೆ, ಅವ ಅಲ್ಲಿ ನಿಂತು ತಿರುವ್ತಿದ್ದ. ಇಪ್ಪತ್ತ ವರ್ಷದ ಮ್ಯಾಲ ಹಿಂಗೇ ನೌಕರಿ ಮಾಡೀವಿ ಇಬ್ರೂ."

ಚಕ್ರದ ಮೇಲೆ ಚಂದ್ರಾಮಪ್ಪನ ಕೈ ನಿಂತಿತು. ಆಟ ಶುರುವಾದದ್ದು ಐದು ಗಂಟೆಯ ಮೇಲೆ. ವಿರಾಮದ ಹೊತ್ತಿಗೆ ಹೊತ್ತು ಇಳಿದಿತ್ತು.

"ಅಂದ್ರ ಅವತ್ತ..."

"ಅವತ್ತ ಅವಗ ಏನೂ ಕಂಡಿಲ್ಲ. ಚಂಡಿಲ್ಲ, ಮಂದಿಲ್ಲ. ಬರೇ ಸಪ್ಪಳ."

ಶಾಂತಪ್ಪ ಕಟ್ಟೆಯ ಮೇಲೆ ಕುಳಿತುಬಿಟ್ಟ. "ನಮಗರೆ ಒಂದು ಮಾತು ಹೇಳಬಾರದಿತ್ತೇನಮ್ಮ? ನಾವೇನು ಬ್ಯಾರೆ ಮಂದಿನಾ?"

"ನೀವು ಆಫೀಸಿನ್ಯಾಗ ಇದ್ರಿ. ಗೇಟ್‌ಮನ್‌ಗ ಕಣ್ಣಿಲ್ಲ ಅಂತ ಗೊತ್ತಾದ್ರ ಬರೀತಿದ್ರಿ."

"ನಾ ಬರೀತಿದ್ನೇನು?"

"ಬರೀತಿದ್ರಿ ಸಾಹೇಬ್ರ," ಅಂದಳು ಲಾಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಬರಿಯೂದು ನಿಮ್ಮ ಕೆಲಸಿತ್ತು."

ಶಾಂತಪ್ಪ ವಿಭೂತಿಯ ಹಣೆಯನ್ನು ಅಂಗೈಯಿಂದ ಒರೆಸಿಕೊಂಡ.

ಚಂದ್ರಾಮಪ್ಪ ಮೆಟ್ಟಿಲಿಳಿದು ಬಂದ. "ಇನ್ನೂ ಹತ್ತ ಮಂದಿ ಇದ್ರಲ್ಲ ಕಾಕಿ. ಶಾಂತಪ್ಪನ್ನ ತಗೀಬಹುದಿತ್ತು. ಯಾರನ್ನರೆ ನಿಂದ್ರಿಸ್ಕೋಬಹುದಿತ್ತು. ನಾನ ಯಾಕ? ಆ ಸಾಹೇಬ ನನ್ನ ಹೆಸರು ಬರಕೊಂಡಿದ್ದ."

"ಅವಗ ಗೊತ್ತಿತ್ತಪ್ಪ."

"ಗೊತ್ತಿದ್ದೂ ಮಾಡ್ದನೇನು?"

"ಗೊತ್ತಿದ್ದೇ ಮಾಡ್ದ. ರಾತ್ರಿ ಮನಿಗಿ ಬಂದು ಉಣ್ಣಲಿಲ್ಲ. ಉಳದವ್ರು ಚಂಡು ಎಲ್ಲಿ ಅದ ಹೇಳ್ತಾರ, ಲಾಲಿ, ಚಂದ್ರಾಮ ಚಂಡು ಎಲ್ಲಿ ಹೋಗ್ತದ ಹೇಳ್ತಾನ, ಅಂದ. ನಾ ಆಟ ಗೆದ್ನಿ, ಅವನ್ನ ಸೋಲಿಸಿದ್ನಿ ಅಂದ. ನೀ ಮಾಡಿದ್ದು ತಪ್ಪು ಅಂತ ನಾನೂ ಅಂದೆ. ಹೋಗಿ ಹೇಳು ಅಂದೆ. ಅಂಜಿದ. ನೌಕರಿ ಹೋದ್ರ ಕ್ವಾರ್ಟರ್ಸ್ ಹೋಗ್ತದ, ಸುಂದ್ರಿ ಸಾಲಿ ಹೋಗ್ತದ. ನೌಕರಿ ಮುಗಿದ ತಿಂಗಳೇ ನಡಿ ಹುಣಸಗಿಗಿ ಅಂದ. ಬಸ್ ಸ್ಟ್ಯಾಂಡಿನ್ಯಾಗ ಅವನ್ನ ನಿಂದ್ರಿಸಿ ನಾ ನಿನ್ನ ಮನಿ ಯಾವ ಕಡೀ ಅಂತ ಕೇಳಾಕ ಹೋಗಿದ್ದೆ."

ಚಂದ್ರಾಮಪ್ಪ ಕಾಲುವೆಯ ನೀರನ್ನೇ ನೋಡುತ್ತ ನಿಂತ. ನಾಲ್ಕು ಮಾರು ದೂರ. ಸಂಜೆ. ನೇರವಾಗಿ ತನ್ನ ಮುಖಕ್ಕೇ ನೆಟ್ಟ ಆ ಕಣ್ಣು. ತಾನು ಕೆಳಗಿಳಿದು ಒಂದೇ ಒಂದು ಸಲ ಉಸ್ತಾದ ಎಂದು ಕರೆದಿದ್ದರೆ ಸಾಕಿತ್ತು.

"ಮನಿಗಿ ಬಂದಿದ್ದ ಅಂತ ರೇಣಿ ಹೇಳಿದ್ಳು," ಅಂದ. "ಬರ್ಲಿ ಬಿಡು ಅಂದೆ ನಾ."

ಲಾಲಮ್ಮ ಅವನ ತೋಳು ಹಿಡಿದಳು. ಅಲ್ಲಿ, ಗೆರೆಗಳ ಪಟ್ಟಿಯ ಪಕ್ಕದಲ್ಲಿ, ಅವಳಿಗೆ ಮೊದಲ ಸಲ ಅಳು ಬಂತು. ಅವಳು ಅತ್ತು ಮುಗಿಸುವವರೆಗೆ ಇಬ್ಬರು ಗಂಡಸರೂ ಕಾದರು. ಆಮೇಲೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ಎರಡು ಸುತ್ತು ಅದ, ತಿರುವು," ಅಂದಳು. ಈ ಸಲವೂ ಜೋರಾಗಿಯೇ ಕೂಗಿದಳು. ಚಂದ್ರಾಮಪ್ಪ ಪಟ್ಟಿಯ ಕಡೆ ನೋಡದೆ ಅವಳ ಕೂಗಿಗೇ ಚಕ್ರ ತಿರುಗಿಸಿದ.

*

ಎರಡು ತಾಸಿನಲ್ಲಿ ಒಸರು ನಿಂತಿತು. ಯಾಕೂಬಸಾಬ ಉಳಿದ ನೀರನ್ನು ತೋಡಿ ತೆಗೆದು, ತಳಕ್ಕೆ ಒಣ ಮರಳು ಹಾಸಿಸಿ, ಕೈಯಿಂದ ತಟ್ಟಿ ನೋಡಿ ಮೇಲೆ ಬಂದಿದ್ದ. ನಾಲ್ಕು ಗಂಟೆಗೆ ಅಂಬ್ರಪ್ಪನನ್ನು ತಂದರು. ಬುದ್ಧಂ ಶರಣಂ ಎಂದು ಸುಂದ್ರಮ್ಮ ಶುರುಮಾಡಿದಳು, ಕೇರಿಯವರೆಲ್ಲ ದನಿಗೂಡಿಸಿದರು. ಯಾಕೂಬಸಾಬ ಕೈಕಟ್ಟಿ ನಿಂತಿದ್ದ, ಶಾಂತಪ್ಪ ಕಣ್ಣು ಮುಚ್ಚಿದ್ದ. ಕೆಳಗಿಳಿಸಿದಾಗ ಬಿಳಿ ಬಟ್ಟೆಗೆ ಒಂದು ಹನಿ ಕೆಸರೂ ತಾಗಲಿಲ್ಲ.

ಮಣ್ಣು ಕೊಡಲು ಜನ ಕುಣಿಯ ಸುತ್ತ ಬಂದರು. ಮೊದಲು ಸುಂದ್ರಮ್ಮ ಕೊಟ್ಟಳು, ಆಮೇಲೆ ಲಾಲಮ್ಮ. ಚಂದ್ರಾಮಪ್ಪನ ಸರದಿ ಬಂತು. ಅವನು ಹಿಡಿ ಮಣ್ಣು ತೆಗೆದುಕೊಂಡು ಕುಣಿಯ ತಲೆಯ ಕಡೆ ಕುಕ್ಕರಗಾಲಿನಲ್ಲಿ ಕುಳಿತ, ಮಣ್ಣು ಬಿಡಲಿಲ್ಲ. ಹಿಂದಿನವರು ಕಾದರು.

"ಉಸ್ತಾದ," ಅಂದ ಅವನು, ಪಕ್ಕದಲ್ಲಿ ನಿಂತವನ ಜೊತೆ ಮಾತಾಡುವಷ್ಟೇ ದನಿಯಲ್ಲಿ. "ಹಿಂದ ಯಾಕೂಬಣ್ಣ ನಿಂತಾನ. ಮೈಯೆಲ್ಲಾ ಕೆಸರಾಗ್ಯದ, ಓಡಾಕ ಇನ್ನೂ ಬರಂಗಿಲ್ಲ ಅವಗ. ಎಡಗಡಿ ಶಾಂತಪ್ಪ ಇದ್ದಾನ. ಇವತ್ತ ಎಲ್ಲೂ ತಪ್ಪಿಸ್ಕೊಂಡಿಲ್ಲ, ಮುಂಜಾನಿಂದ ಇಲ್ಲೇ ಇದ್ದಾನ. ಸುಂದ್ರವ್ವ ಕಾಕೀನ್ನ ಹಿಡ್ಕೊಂಡಾಳ. ಹೊತ್ತು ಇನ್ನೂ ಮುಳುಗಿಲ್ಲ. ಕೆನಾಲಿನ ನೀರು ಮೂರು ಫೂಟು ಅದ."

ಯಾಕೂಬಸಾಬನಿಗೆ ಗೇಟಿನ ಬಳಿ ಆದ ಮಾತೇನೂ ಗೊತ್ತಿರಲಿಲ್ಲ, ಆದರೂ ಅವನು ಗೆರೆಯ ಮೇಲೆ ನಿಂತವನ ಹಾಗೆ ಎರಡು ಹೆಜ್ಜೆ ಸರಿದು ನೆಟ್ಟಗೆ ನಿಂತ.

ಚಂದ್ರಾಮಪ್ಪ ಕುಣಿಯ ಆಚೆ ಬದಿಯನ್ನು ನೋಡಿದ. ತೋಡಿದ ಹಸಿ ಮಣ್ಣಿನ ಗುಡ್ಡೆ ಇದ್ದ ಕಾರಣ ಆ ಕಡೆ ಯಾರೂ ನಿಂತಿರಲಿಲ್ಲ.

"ಬಲಗಡಿ ಖಾಲಿ ಅದ, ಉಸ್ತಾದ," ಅಂದ.

ಮಣ್ಣನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಎದ್ದ. ಕುಣಿಯನ್ನು ಸುತ್ತಿಕೊಂಡು, ಕಾಲು ಹೂತುಹೋಗುವ ಆ ಹಸಿ ಮಣ್ಣಿನ ಗುಡ್ಡೆ ಹತ್ತಿ, ಬಲಗಡೆಗೆ ಹೋಗಿ ನಿಂತ. ಅಲ್ಲಿಂದ ಮುಷ್ಟಿ ಬಿಡಿಸಿದ.